ಕೆರೆ ನೀರಿನಲ್ಲಿ ಅಲ್ಪವಿರಾಮ ಕಂಡ ರಾಬರ್ಟ್ ಕಾಕ್



ಈ ಸಲ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದರು. ನಾನು ರಾಬರ್ಟ್ ಕಾಕ್ ಅವರನ್ನು ಆರಿಸಿಕೊಂಡೆ. ಯಾಕೆಂದರೆ ಅವರು ಜರ್ಮನಿ ದೇಶದವರಾದರೂ ಅವರ ಒಂದು ದೊಡ್ಡ ಕೆಲಸ ನಡೆದದ್ದು ನಮ್ಮ ಭಾರತದಲ್ಲಿ. ಅದರಲ್ಲಿ ಒಂದು ಕೆರೆಯ ಕಥೆಯೂ ಇದೆ.

ಕಾಕ್ ಅವರು 1843ನೇ ಇಸವಿ ಡಿಸೆಂಬರ್ 11ರಂದು ಜರ್ಮನಿಯ ಕ್ಲೌಸ್ತಾಲ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಬೆಟ್ಟದ ಮೇಲಿನ ಗಣಿ ಊರು. ಅವರ ತಂದೆಗೆ ಗಣಿಯಲ್ಲಿ ಕೆಲಸ. ಮನೆ ತುಂಬ ಮಕ್ಕಳು. ರಾಬರ್ಟ್ 1866ರಲ್ಲಿ ಡಾಕ್ಟರ್ ಪರೀಕ್ಷೆ ಪಾಸು ಮಾಡಿದರು. ಆಮೇಲೆ ವೋಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಸರ್ಕಾರಿ ವೈದ್ಯರಾಗಿ ಹೋದರು. ಅಲ್ಲಿ ದೊಡ್ಡ ಪ್ರಯೋಗಶಾಲೆ ಏನೂ ಇರಲಿಲ್ಲ. ರೋಗಿಗಳನ್ನು ನೋಡುವ ಜಾಗದಲ್ಲೇ ಒಂದು ಕಡೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೆಲಸ ಮಾಡ್ತಿದ್ದರು. ದನ ಕುರಿಗಳಿಗೆ ಬರುವ ನೆರಡಿ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು 1876ರಲ್ಲಿ ತೋರಿಸಿಕೊಟ್ಟರು. ಹಳ್ಳಿಯ ಕಡೆ ಇದ್ದೂ ಇಂಥ ಕೆಲಸ ಮಾಡಿದರು ಅನ್ನೋದು ನನಗೆ ತುಂಬ ಇಷ್ಟವಾಯಿತು.

ಇಲ್ಲಿ ಒಂದು ಕಷ್ಟವನ್ನು ಹೇಳಲೇಬೇಕು. ಒಂದು ಹನಿ ಕೊಳಕು ನೀರಿನಲ್ಲಿ ಎಷ್ಟೋ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಸಂತೆಯಲ್ಲಿ ನಿಂತು ಯಾರು ಯಾವ ಊರಿನವರು ಅಂತ ಹೇಳೋಕೆ ಆಗುತ್ತಾ? ಹಾಗೇ ಇದು. ಫರ್ಡಿನೆಂಡ್ ಕೋನ್ ಎಂಬ ವಿಜ್ಞಾನಿ 1872ರಲ್ಲಿ ಬ್ಯಾಕ್ಟೀರಿಯಾಗಳನ್ನು ಗುಂಡು, ಕಡ್ಡಿ, ದಾರ, ಸುರುಳಿ ಎಂದು ಆಕಾರ ನೋಡಿ ಗುಂಪು ಮಾಡಿದ್ದರು. ಆದರೆ ಆಕಾರ ಒಂದೇ ಸಾಲದು. ಗೋಧಿ ಬಣ್ಣದವರೆಲ್ಲ ಅಣ್ಣತಮ್ಮಂದಿರಲ್ಲವಲ್ಲ!

ಕಾಕ್ ಅವರು ಇದಕ್ಕೊಂದು ಸುಲಭ ಉಪಾಯ ಕಂಡುಹಿಡಿದರು. ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬಣ್ಣ ಬಣ್ಣದ ಚುಕ್ಕೆಗಳು ಬೆಳೆದಿದ್ದನ್ನು ಗಮನಿಸಿದರು. ನೋಡಿದರೆ ಒಂದೊಂದು ಚುಕ್ಕೆಯಲ್ಲೂ ಒಂದೊಂದೇ ಜಾತಿ! ನೀರಿನಲ್ಲಾದರೆ ಎಲ್ಲ ಓಡಾಡಿ ಬೆರೆತುಹೋಗುತ್ತವೆ, ಗಟ್ಟಿ ಜಾಗದಲ್ಲಿ ಬಿದ್ದಲ್ಲೇ ಬೆಳೆಯುತ್ತವೆ. ಅದಕ್ಕೇ ಅವರು ಮಾಂಸದ ಸಾರಿಗೆ ಜೆಲಾಟಿನ್ ಹಾಕಿ ಗಾಜಿನ ಮೇಲೆ ಗಟ್ಟಿ ಮಾಡಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಇದರಿಂದ ಒಂದು ಜಾತಿಯನ್ನು ಬೇರೆ ಮಾಡಿ ಪರೀಕ್ಷಿಸುವುದು ಸಾಧ್ಯವಾಯಿತು. 1882ರ ಮಾರ್ಚ್ 24ರಂದು ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಸುದ್ದಿ ಹೇಳಿದರು. ಲೋಕವೆಲ್ಲ ಅವರ ಹೆಸರು ಮಾತಾಡಿತು.

ಈಗ ಕೆರೆಯ ಕಥೆಗೆ ಬರ್ತೀನಿ. 1883ರಲ್ಲಿ ಈಜಿಪ್ಟ್ ದೇಶದಲ್ಲಿ ಕಾಲರಾ ಬಂತು. ನಮ್ಮಜ್ಜಿ ಅದನ್ನು ವಾಂತಿಭೇದಿ ಬೇನೆ ಅಂತಾರೆ. ಹಿಂದೆ ಅದು ಬಂದರೆ ಜನ ಊರೇ ಬಿಟ್ಟು ಹೋಗ್ತಿದ್ದರಂತೆ, ಮಾರಮ್ಮನ ಸಿಟ್ಟು ಅಂದುಕೊಳ್ತಿದ್ದರಂತೆ. ಯುರೋಪಿನಲ್ಲೂ ದೊಡ್ಡ ದೊಡ್ಡ ಡಾಕ್ಟರುಗಳೇ ಅದು ಕೆಟ್ಟ ಗಾಳಿಯಿಂದ ಬರುತ್ತೆ ಅಂತ ನಂಬಿದ್ದರು. ಕಾಕ್ ಅವರು ತಮ್ಮ ತಂಡದ ಜೊತೆ ಈಜಿಪ್ಟಿಗೆ ಹೋದರು. ಫ್ರಾನ್ಸ್ ದೇಶದ ತಂಡವೂ ಬಂದಿತ್ತು. ಆ ತಂಡದ ತುಯಿಲಿಯೇ ಎಂಬ ಯುವ ವಿಜ್ಞಾನಿ ಅಲ್ಲೇ ಕಾಲರಾ ತಗುಲಿ ತೀರಿಕೊಂಡರು. ಈ ಕೆಲಸ ಅಷ್ಟು ಅಪಾಯದ್ದು. ಆದರೂ ಕಾಕ್ ವಾಪಸು ಹೋಗಲಿಲ್ಲ. ಈಜಿಪ್ಟಿನಲ್ಲಿ ರೋಗ ಕಡಿಮೆಯಾದಾಗ ಹಡಗು ಹತ್ತಿ ಡಿಸೆಂಬರಿನಲ್ಲಿ ಕಲ್ಕತ್ತಾಕ್ಕೆ ಬಂದರು. ಆ ಊರಿಗೆ ಈಗ ಕೋಲ್ಕತ್ತಾ ಎಂದು ಹೆಸರು.

ಅಲ್ಲಿ ಕಾಲರಾದಿಂದ ಸತ್ತವರ ಕರುಳನ್ನು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಒಂದೇ ಬ್ಯಾಕ್ಟೀರಿಯಾ ಸಿಕ್ಕಿತು. ಅದು ನೇರವಾದ ಕಡ್ಡಿ ಅಲ್ಲ, ನಾವು ವಾಕ್ಯದ ನಡುವೆ ಹಾಕುವ ಅಲ್ಪವಿರಾಮದ ಹಾಗೆ ಸ್ವಲ್ಪ ಬಾಗಿತ್ತು. ಆದರೆ ಕಾಕ್ ಅವಸರ ಪಡಲಿಲ್ಲ. ಅದನ್ನು ಜೆಲಾಟಿನ್ ಮೇಲೆ ಬೇರೆಯಾಗಿ ಬೆಳೆಸಿ ಅದರ ಗುಣಗಳನ್ನು ನೋಡಿದರು. ಅದು ಚುರುಕಾಗಿ ಓಡಾಡುತ್ತದೆ. ಬೆಳೆದ ಕಡೆ ಜೆಲಾಟಿನ್ ಕರಗಿ ನೀರಾಗುತ್ತದೆ. ಹುಳಿಯಲ್ಲಿ ಬೆಳೆಯುವುದಿಲ್ಲ. ಒಣಗಿದರೆ ಬೇಗ ಸಾಯುತ್ತದೆ. ಬೇರೆ ಕಾಯಿಲೆಯವರಲ್ಲಿ ಹುಡುಕಿದರು, ಅವರಲ್ಲಿ ಅದು ಇರಲಿಲ್ಲ. ಇಷ್ಟೆಲ್ಲ ಆದ ಮೇಲೇ ಇದೊಂದು ಬೇರೆಯೇ ಜಾತಿ ಎಂದು 1884ರ ಫೆಬ್ರವರಿಯಲ್ಲಿ ವರದಿ ಬರೆದರು.

ಊರಿನ ಹೊರಗೆ ಒಂದು ಕೆರೆಯ ಸುತ್ತ ಇದ್ದ ಮನೆಗಳಲ್ಲಿ ಕಾಲರಾ ಹಬ್ಬಿತ್ತು. ಜನ ಆ ಕೆರೆಯಲ್ಲೇ ಸ್ನಾನ ಮಾಡ್ತಿದ್ದರು, ಬಟ್ಟೆ ಒಗೀತಿದ್ದರು, ಅದನ್ನೇ ಕುಡೀತಿದ್ದರು. ಕಾಕ್ ಆ ನೀರನ್ನು ತಂದು ಪರೀಕ್ಷಿಸಿದರು. ಅದರಲ್ಲಿ ಅದೇ ಅಲ್ಪವಿರಾಮ ಸಿಕ್ಕಿತು! ವಿಚಾರಿಸಿದಾಗ ಮೊದಲು ಸತ್ತವರ ಬಟ್ಟೆಗಳನ್ನು ಆ ಕೆರೆಯಲ್ಲೇ ಒಗೆದಿದ್ದರು ಅಂತ ತಿಳಿಯಿತು. ರೋಗ ಕಡಿಮೆಯಾದ ಹಾಗೆ ನೀರಿನಲ್ಲಿ ಬ್ಯಾಕ್ಟೀರಿಯಾಗಳೂ ಕಡಿಮೆಯಾದವು. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಬೇಜಾರಾಯಿತು. ಪಾಪ, ಬಟ್ಟೆ ಒಗೆದವರು ಯಾರಿಗೂ ಕೆಟ್ಟದ್ದು ಮಾಡಬೇಕು ಅಂತ ಒಗೆದಿರಲಿಲ್ಲ. ಗೊತ್ತಿರಲಿಲ್ಲ, ಅಷ್ಟೇ.

ಎಲ್ಲರೂ ಕಾಕ್ ಅವರನ್ನು ಕೂಡಲೇ ನಂಬಲಿಲ್ಲ. ಪೆಟ್ಟೆನ್‌ಕೋಫರ್ ಎಂಬ ಮುದುಕ ವಿಜ್ಞಾನಿ 1892ರಲ್ಲಿ ಈ ಬ್ಯಾಕ್ಟೀರಿಯಾವನ್ನು ಕುಡಿದೇ ತೋರಿಸಿದರು! ಅದೃಷ್ಟಕ್ಕೆ ಬದುಕಿದರು. ಅದೇ ವರ್ಷ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಸುಮಾರು 8,600 ಜನ ಸತ್ತರು. ಪಕ್ಕದ ಆಲ್ಟೋನಾದಲ್ಲಿ ಸತ್ತವರು ಬಹಳ ಕಡಿಮೆ. ಎರಡೂ ಕುಡಿದದ್ದು ಒಂದೇ ಎಲ್ಬ್ ನದಿಯ ನೀರು. ಆದರೆ ಆಲ್ಟೋನಾದವರು ಅದನ್ನು ಮರಳಿನಲ್ಲಿ ಸೋಸುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ.

ಕಾಕ್ ಅವರೂ ತಪ್ಪು ಮಾಡಿದ್ದಾರೆ. 1890ರಲ್ಲಿ ಕ್ಷಯಕ್ಕೆ ಔಷಧಿ ಸಿಕ್ಕಿತು ಎಂದು ಅವಸರದಲ್ಲಿ ಹೇಳಿಬಿಟ್ಟರು, ಅದರಿಂದ ಕಾಯಿಲೆ ವಾಸಿಯಾಗಲಿಲ್ಲ. ಇನ್ನೊಂದು ವಿಷಯ. ಇಟಲಿಯ ಪಚೀನಿ ಎಂಬುವರು 1854ರಲ್ಲೇ ಕಾಲರಾದ ಬ್ಯಾಕ್ಟೀರಿಯಾವನ್ನು ನೋಡಿ ಬರೆದಿದ್ದರು. ಆಗ ಯಾರೂ ಲಕ್ಷ್ಯ ಕೊಡಲಿಲ್ಲ. 1965ರಲ್ಲಿ ವಿಜ್ಞಾನಿಗಳು ಸೇರಿ ಪಚೀನಿ ಇಟ್ಟಿದ್ದ ವಿಬ್ರಿಯೋ ಎಂಬ ಹೆಸರನ್ನೇ ಉಳಿಸಿ, ಅದರ ಜೊತೆಗೆ ಅವರ ಹೆಸರನ್ನೂ ಸೇರಿಸಿದರು. ತಡವಾದರೂ ನ್ಯಾಯ ಸಿಕ್ಕಿತು.

1905ರಲ್ಲಿ ಕಾಕ್ ಅವರಿಗೆ ನೊಬೆಲ್ ಬಹುಮಾನ ಬಂತು. 1910ರ ಮೇ 27ರಂದು ಬಾಡೆನ್ ಬಾಡೆನ್ ಎಂಬ ಊರಿನಲ್ಲಿ ತೀರಿಕೊಂಡರು.

ಗೆಳೆಯರೇ, ನಾನೂ ಹೋದ ಬೇಸಿಗೆಯಲ್ಲಿ ದನ ಕಾಯೋಕೆ ಹೋದಾಗ ಬೊಗಸೆಯಲ್ಲಿ ಕೆರೆ ನೀರು ಕುಡಿದಿದ್ದೇನೆ. ನೀರು ತಿಳಿಯಾಗಿ ಕಾಣ್ತಿತ್ತು, ಅದಕ್ಕೇ ಕುಡಿದೆ. ಈಗ ಹಾಗೆ ಮಾಡಲ್ಲ. ತಿಳಿ ನೀರೆಲ್ಲ ಒಳ್ಳೇ ನೀರಲ್ಲ ಅಂತ ಕಾಕ್ ಅವರಿಂದ ಕಲಿತೆ. ಮನೆಯಲ್ಲಿ ಅಮ್ಮನಿಗೂ ಹೇಳಿದ್ದೇನೆ, ಈಗ ನಾವು ನೀರನ್ನು ಕುದಿಸಿ ಆರಿಸಿ ಕುಡಿಯುತ್ತೇವೆ. ನೀವೂ ನಿಮ್ಮ ಮನೆಯಲ್ಲಿ ಹೇಳಿ.

– ಏಳನೇ ತರಗತಿ