ಫ್ಯಾನಿ ಲೂ ಹೇಮರ್

ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದ ಹತ್ತಿಯ ಹೊಲಗಳಲ್ಲಿ ಕೋರಿಗೆ ದುಡಿಯುತ್ತಿದ್ದ ಕಪ್ಪು ಜನಾಂಗದ ದಂಪತಿಗಳ 20 ಮಕ್ಕಳಲ್ಲಿ ಕಡೆಯವರಾಗಿ ಫ್ಯಾನಿ ಲೂ ಹೇಮರ್ 1917ರಲ್ಲಿ ಜನಿಸಿದರು. ಬಾಲ್ಯದಿಂದಲೇ ಹತ್ತಿ ಬಿಡಿಸಿದ ಆಕೆಗೆ ಶಾಲೆಯ ಭಾಗ್ಯವು ಅಲ್ಪ. ತಮಗೂ ವೋಟಿನ ಹಕ್ಕುಂಟೆಂಬುದು ತಿಳಿದುದೇ 44ನೆಯ ವಯಸ್ಸಿನಲ್ಲಿ!

ರಾಜ್ಯಾಂಗವು ಕೊಟ್ಟ ಹಕ್ಕನ್ನು ನೋಂದಣಿ ಕಚೇರಿಯ ಮೇಜು ಕಸಿದುಕೊಂಡಿದ್ದಿತು. ಕಚೇರಿಗಳ ಮರ್ಮ ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. 1962ರ ಆಗಸ್ಟ್ 31ರಂದು 17 ಮಂದಿಯೊಡನೆ ಇಂಡಿಯಾನೋಲಾ ಪಟ್ಟಣಕ್ಕೆ ಹೋದ ಆಕೆಗೆ ಸಂಸ್ಥಾನದ ರಾಜ್ಯಾಂಗದ ಕ್ಲಿಷ್ಟ ವಿಧಿಯೊಂದನ್ನು ತೋರಿಸಿ ಅರ್ಥ ಬರೆಯಹೇಳಿದರು, ಆಗಲಿಲ್ಲ. ಹಿಂತಿರುಗುವಾಗ, ಬಸ್ಸಿನ ಹಳದಿ ಬಣ್ಣವು ಅತಿಯಾಯಿತೆಂದು ಚಾಲಕನಿಗೆ ದಂಡ! ಅರ್ಜಿಯನ್ನು ಹಿಂತೆಗೆಯದಿದ್ದರೆ ಮನೆ ಬಿಡತಕ್ಕದ್ದೆಂದು, ಆಕೆ 18 ವರ್ಷ ದುಡಿದ ತೋಟದ ಧಣಿಯು ವಿಧಿಸಿದನು. ಆಕೆ ಆ ರಾತ್ರಿಯೇ ಮನೆ ಬಿಟ್ಟರು.

1963ರ ಜನವರಿಯಲ್ಲಿ ಪರೀಕ್ಷೆಯನ್ನು ಗೆದ್ದರು. ಮತ ನೀಡಹೋದಾಗ ತಲೆಗಂದಾಯದ ಎರಡು ರಸೀತಿಗಳು ಬೇಕೆಂದರು. ಅದೇ ವರ್ಷದ ಜೂನಿನಲ್ಲಿ, ಮತದಾರರ ಶಿಕ್ಷಣ ಶಿಬಿರದಿಂದ ಮರಳುವಾಗ ಹಿಡಿದು, ವೈನೋನಾ ಸೆರೆಮನೆಯಲ್ಲಿ ಥಳಿಸಿದರು. ಮೂತ್ರಪಿಂಡವೂ ಕಣ್ಣೂ ಕಡೆಯವರೆಗೆ ಸರಿಹೋಗಲಿಲ್ಲ. ಆದರೂ ಊರೂರು ಅಲೆದು, ಹೆದರಿದವರಿಗೆ ಧೈರ್ಯ ಹೇಳಿ, ಅರ್ಜಿ ತುಂಬುವುದನ್ನು ಕಲಿಸುತ್ತಲೇ ಹೋದರು.

1964ರಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮೊಕ್ರಾಟಿಕ್ ಪಕ್ಷದ ಅಧಿವೇಶನಕ್ಕೆ ಬಂದು ಈ ವೃತ್ತಾಂತವನ್ನು ಹೇಳಿದಾಗ ದೇಶವೇ ಕಿವಿಗೊಟ್ಟಿತು. ಮುಖಂಡರು ನೀಡಬಂದ ಎರಡು ಸ್ಥಾನಗಳನ್ನು ಆಕೆಯ ತಂಡವು ನಿರಾಕರಿಸಿತು. ಯುಕ್ತವೇ ಆಯಿತೆಂದು ನಮ್ಮ ಅಭಿಪ್ರಾಯ. 1965ರ ಮತಾಧಿಕಾರದ ಕಾಯಿದೆಯು ಅಂತಹ ಸಂಸ್ಥಾನಗಳಲ್ಲಿ ಅಕ್ಷರಪರೀಕ್ಷೆಯನ್ನು ನಿಲ್ಲಿಸಿ, ನೋಂದಣಿಗೆ ಕೇಂದ್ರ ಸರ್ಕಾರದ ಅಧಿಕಾರಿಗಳನ್ನು ಕಳುಹಿಸಲು ಎಡೆಮಾಡಿತು. ಹೇಮರ್ 1977ರಲ್ಲಿ ತೀರಿಕೊಂಡರು. ಅರ್ಜಿ ಹಿಡಿದು ಬಸ್ಸು ಹತ್ತಿದ ರೂಲ್‌ವಿಲ್ ಊರಿನಲ್ಲಿಯೇ ಅವರ ಸಮಾಧಿಯಿದೆ.