ಜೆ.ಎಫ್. ಫ್ಲೀಟ್: ಸಂಪಾದಕರೂ ವಾದಿಯೂ

ಕನ್ನಡ ಶಾಸನಾಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಅವರನ್ನು ಪತ್ರಿಕಾ ಸಂಪಾದಕರಾಗಿಯೂ ನೋಡಬೇಕಾಗಿದೆ. ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಅವರಲ್ಲಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದ ಅವರು ಅಧಿಕಾರಿಯಾಗಿ ಕನ್ನಡ ಜಿಲ್ಲೆಗಳಲ್ಲಿ ಸಂಚರಿಸುತ್ತಲೇ ಶಾಸನಗಳನ್ನು ಓದಿದರು.

ಜೇಮ್ಸ್ ಬರ್ಜೆಸ್ 1872ರಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ ಅವರ ಮುಖ್ಯ ವೇದಿಕೆ. 1885ರಿಂದ 1891ರವರೆಗೆ ಆರ್.ಸಿ. ಟೆಂಪಲ್ ಅವರೊಡನೆ ಅವರೇ ಅದರ ಸಂಪಾದಕರು. ಇಂದಿನ ಅರ್ಥದ ಸಂಪಾದಕ ಮಂಡಳಿಯಾಗಲಿ, ಲೇಖಕರ ಹೆಸರು ಮರೆಮಾಡಿ ಲೇಖನವನ್ನು ತಜ್ಞರ ಪರಿಶೀಲನೆಗೆ ಕಳಿಸುವ ಪದ್ಧತಿಯಾಗಲಿ ಅಲ್ಲಿರಲಿಲ್ಲ. ಪರಿಶೀಲನೆ ನಡೆಯುತ್ತಿದ್ದುದು ಅಚ್ಚಾದ ಮೇಲೆ, ಮುಂದಿನ ಸಂಚಿಕೆಗಳಲ್ಲಿ. ರವಿಕೀರ್ತಿಯ ಐಹೊಳೆ ಶಾಸನವನ್ನು 1876ರಲ್ಲಿ ಪ್ರಕಟಿಸಿದ್ದ ಫ್ಲೀಟ್ 1879ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಮುಂದೆ ಕೀಲ್‌ಹಾರ್ನ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಇನ್ನೊಮ್ಮೆ ಸಂಪಾದಿಸಿದರು.

ಸಂಪಾದಕರ ಅಭಿರುಚಿಯೇ ಪತ್ರಿಕೆಯ ಎಲ್ಲೆಯೂ ಆಗಿದ್ದ ಆ ವ್ಯವಸ್ಥೆಯಿಂದ ಕನ್ನಡಕ್ಕೆ ಒಂದು ಲಾಭವಾಯಿತು. ಫ್ಲೀಟ್ ತಾವು ಸಂಗ್ರಹಿಸಿದ ಲಾವಣಿಗಳನ್ನು ತಮ್ಮ ಪತ್ರಿಕೆಯಲ್ಲೇ ಅನುವಾದಸಹಿತ ಅಚ್ಚುಮಾಡಿದರು. ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ದಮನಿಸಿದ ಸರ್ಕಾರದ ಅಧಿಕಾರಿಯೇ ಅವರ ಹಾಡುಗಳನ್ನು ಉಳಿಸಿದ್ದು ವಸಾಹತುಶಾಹಿ ಸಂಶೋಧನೆಯ ವೈರುಧ್ಯ. ಅಂಥ ವಸ್ತುವಿಗೆ ಆ ಕಾಲದ ಯಾವುದೇ ಮಂಡಳಿ ಪುಟ ಬಿಡುತ್ತಿತ್ತೆ ಎಂಬುದು ಸಂದೇಹ.

ತೊಡಕಾದದ್ದು ಗಂಗರ ತಾಮ್ರಪಟಗಳ ವಿಷಯದಲ್ಲಿ. ಬಿ.ಎಲ್. ರೈಸ್ ಬೆಳಕಿಗೆ ತಂದ ಆರಂಭಕಾಲದ ಗಂಗ ಪಟಗಳು ಕೂಟಶಾಸನಗಳೆಂದು ಫ್ಲೀಟ್ ಪಟ್ಟುಹಿಡಿದು ವಾದಿಸಿದರು. 1901ರಲ್ಲಿ ಅದೇ ಪತ್ರಿಕೆಯಲ್ಲಿ ಕೂಟಶಾಸನಗಳ ಪಟ್ಟಿಯನ್ನೇ ಕೊಟ್ಟರು. ರೈಸ್ ತಮ್ಮ ಸಮರ್ಥನೆಯನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪ್ರಸ್ತಾವನೆಗಳಲ್ಲಿ ಮಂಡಿಸಿದರು. ಇಬ್ಬರ ಕೈಯಲ್ಲೂ ಒಂದೊಂದು ಪ್ರಕಟಣೆಯಿತ್ತು. ನಡುವೆ ನಿಂತು ತೂಗುವ ಮೂರನೆಯವರಿರಲಿಲ್ಲ. ಫ್ಲೀಟ್ ಅವರ ಸಂಶಯ ನಿರಾಧಾರವಾಗಿರಲಿಲ್ಲ, ಹಲವು ಪಟಗಳು ಕೃತಕವೇ. ಆದರೆ ಆ ಸಂಶಯ ಗಂಗರ ಪ್ರಾಚೀನತೆಯನ್ನೇ ದೀರ್ಘಕಾಲ ಮಸುಕಾಗಿಸಿತು.

1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಅವರು 1907ರಿಂದ ರಾಯಲ್ ಏಷ್ಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಗಳಾಗಿದ್ದರು. ಮಾಧವನ ಪೆನುಕೊಂಡ ತಾಮ್ರಪಟ ದೊರೆತಾಗ ಅದು ನೈಜವೆಂದು 1915ರಲ್ಲಿ ಆ ಸೊಸೈಟಿಯ ಪತ್ರಿಕೆಯಲ್ಲೇ ಒಪ್ಪಿಕೊಂಡರು. ಎರಡು ವರ್ಷಗಳ ಬಳಿಕ ನಿಧನರಾದರು.