ಮೃದು ಕಾಂಟ್ಯಾಕ್ಟ್ ಲೆನ್ಸಿನ ಜನಕ ಓಟೋ ವಿಖ್ತರ್ಲೆ

ನಮ್ಮ ಮನೆಗಳ ಮಕ್ಕಳು ಕನ್ನಡಕದ ಬದಲಾಗಿ ಕಣ್ಣಿಗೆ ಇಟ್ಟುಕೊಳ್ಳುವ ಮೃದು ಕಾಂಟ್ಯಾಕ್ಟ್ ಲೆನ್ಸನ್ನು ನಾವೆಲ್ಲ ಬಲ್ಲೆವು. ಅದನ್ನು ಲೋಕಕ್ಕೆ ಕೊಟ್ಟ ಝೆಕ್ ರಸಾಯನವಿಜ್ಞಾನಿ ಓಟೋ ವಿಖ್ತರ್ಲೆ ಅವರನ್ನು ಬಲ್ಲವರು ನಮ್ಮಲ್ಲಿ ವಿರಳ. ಅವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸುತ್ತಿದ್ದೇವೆ.

ವಿಖ್ತರ್ಲೆ 1913ರ ಅಕ್ಟೋಬರ್ 27ರಂದು ಮೊರೇವಿಯಾ ಪ್ರಾಂತದ ಪ್ರೊಸ್ತೇಯೊವ್ ಪಟ್ಟಣದಲ್ಲಿ ಜನಿಸಿದರು. ತಂದೆ ಕೃಷಿಯಂತ್ರಗಳ ಕಾರ್ಖಾನೆಯೊಂದರ ಪಾಲುದಾರರು. ಪ್ರಾಗ್ ನಗರದಲ್ಲಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದ ವಿಖ್ತರ್ಲೆ, 1939ರಲ್ಲಿ ನಾಜಿಗಳು ಝೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿದಾಗ ಜ್ಲೀನ್ ನಗರದ ಬಾಟಾ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಸೇರಿದರು. ಅಲ್ಲಿ ನೈಲಾನಿನ ಜಾತಿಯ ಕೃತಕ ನೂಲೊಂದನ್ನು ರೂಪಿಸಿದರು. 1942ರಲ್ಲಿ ಗೆಸ್ಟಾಪೊ ಅವರನ್ನು ಕೆಲವು ತಿಂಗಳು ಸೆರೆಯಲ್ಲಿಟ್ಟಿತು.

1952ರಲ್ಲಿ ರೈಲಿನಲ್ಲಿ ಸಹಪ್ರಯಾಣಿಕರೊಬ್ಬರು ಕಣ್ಣಿನ ಚಿಕಿತ್ಸೆಗೆ ಲೋಹವನ್ನು ಬಳಸುವ ಕುರಿತ ಲೇಖನವನ್ನು ಓದುತ್ತಿದ್ದುದು ಅವರ ಗಮನ ಸೆಳೆಯಿತು. ದೇಹದೊಳಗೆ ಇಡುವ ವಸ್ತು ದೇಹದಂತೆಯೇ ನೀರನ್ನು ಹಿಡಿದಿಟ್ಟುಕೊಳ್ಳುವ ಮೃದು ವಸ್ತುವಾಗಿರಬೇಕೆಂಬ ವಿಚಾರ ಅಲ್ಲಿ ಮೊಳೆಯಿತು. ಸಹೋದ್ಯೋಗಿ ದ್ರಾಹೊಸ್ಲಾವ್ ಲೀಮ್ ಅವರೊಡನೆ ಅಂತಹ ಪಾಲಿಮರನ್ನು ಸಿದ್ಧಪಡಿಸಿದರು. ಹಲ್ಲಿನ ಸೆಟ್ಟಿಗೆ ಬಳಸುವ ಗಟ್ಟಿ ಅಕ್ರಿಲಿಕ್ಕಿಗೆ ಇದು ಸಮೀಪದ ಬಂಧು. ಆದರೆ ಅದು ನೀರನ್ನು ಒಲ್ಲದು. ಇದರ ಸರಪಳಿಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಸೆಳೆದುಕೊಳ್ಳುತ್ತವೆ. ಸರಪಳಿಗಳು ಬಲೆಯಂತೆ ಹೆಣೆದುಕೊಂಡಿರುವುದರಿಂದ ವಸ್ತು ಕರಗದೆ ಉಬ್ಬಿ ಮೃದುವಾಗುತ್ತದೆ. 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಈ ನಡುವೆ 1958ರಲ್ಲಿ ರಾಜಕೀಯ ಕಾರಣಗಳಿಗಾಗಿ ಅವರು ಬೋಧಕ ಹುದ್ದೆಯನ್ನು ಕಳೆದುಕೊಂಡಿದ್ದರು. ಬಳಿಕ ವಿಜ್ಞಾನ ಅಕಾಡೆಮಿಯ ಹೊಸ ಪಾಲಿಮರ್ ಸಂಶೋಧನಾ ಸಂಸ್ಥೆಯ ಹೊಣೆ ಅವರಿಗೆ ಒದಗಿತು. ಆದರೆ ಲೆನ್ಸುಗಳ ಅಂಚು ಒರಟಾಗಿ ಬರುತ್ತಿದ್ದ ಕಾರಣ ಸರ್ಕಾರ ಆ ಪ್ರಯೋಗಗಳಿಗೆ ನೆರವನ್ನು ನಿಲ್ಲಿಸಿತು. ಅವರು ಕೈಚೆಲ್ಲಲಿಲ್ಲ. 1961ರ ಕ್ರಿಸ್ಮಸ್ ಸಮಯದಲ್ಲಿ ಮನೆಯ ಅಡುಗೆಮನೆಯಲ್ಲಿಯೇ, ಮಕ್ಕಳ ಮೆರ್ಕುರ್ ಜೋಡಣೆ ಆಟಿಕೆಯ ಭಾಗಗಳನ್ನೂ ಸೈಕಲ್ ಡೈನಮೊವನ್ನೂ ಕೂಡಿಸಿ ಯಂತ್ರವೊಂದನ್ನು ಕಟ್ಟಿದರು. ತಿರುಗುವ ಅಚ್ಚಿನಲ್ಲಿ ಸುರಿದ ದ್ರವ ಅಂಚಿನತ್ತ ಹರಡಿ, ಬಟ್ಟಲಿನಂತೆ ತಾನಾಗಿಯೇ ಬಾಗಿ ಗಟ್ಟಿಯಾಯಿತು. ಹೀಗೆ ನಾಲ್ಕು ಲೆನ್ಸುಗಳು ದೊರೆತವು. ಪತ್ನಿ ಲಿಂಡಾ ಅವರೂ ಕೈಜೋಡಿಸಿ, 1962ರ ಮೊದಲ ತಿಂಗಳುಗಳಲ್ಲಿ ಸುಮಾರು 5,500 ಲೆನ್ಸುಗಳು ಆ ಮನೆಯಲ್ಲಿ ತಯಾರಾದವು.

ಹಕ್ಕುಪತ್ರಗಳನ್ನು 1965ರಲ್ಲಿ ಅಮೆರಿಕದ ಸಂಸ್ಥೆಯೊಂದಕ್ಕೆ ನೀಡಲಾಯಿತು. 1971ರಲ್ಲಿ ಅಲ್ಲಿ ಮಾರಾಟಕ್ಕೆ ಅನುಮತಿ ದೊರೆಯಿತು. ಅಪಾರ ಲಾಭ ಕಂಪನಿಗಳ ಪಾಲಾಯಿತು. ಸಂಶೋಧಕರಿಗೆ ದಕ್ಕಿದ್ದು ಅತ್ಯಲ್ಪ. 1968ರ ಸುಧಾರಣಾ ಚಳವಳಿಯನ್ನು ಬೆಂಬಲಿಸಿದ ಅವರನ್ನು ಮುಂದೆ ನಿರ್ದೇಶಕ ಹುದ್ದೆಯಿಂದಲೂ ತೆಗೆದುಹಾಕಲಾಯಿತು.

ಆಡಳಿತ ಬದಲಾದ ಬಳಿಕ, 1990ರಲ್ಲಿ ಅವರು ಅದೇ ಅಕಾಡೆಮಿಯ ಅಧ್ಯಕ್ಷರಾದರು. 1998ರ ಆಗಸ್ಟ್ 18ರಂದು ನಿಧನರಾದರು. ಎರಡು ಬಾರಿ ಪದಚ್ಯುತರಾದರೂ ತಾವು ಹಿಡಿದ ಕೆಲಸವನ್ನು ಬಿಡದ ಈ ವಿಜ್ಞಾನಿಗೆ ಕೋಟ್ಯಂತರ ಕಣ್ಣುಗಳು ಋಣಿಯಾಗಿವೆ. ನಮ್ಮ ಮಕ್ಕಳಿಗೆ ನಾವು ಅವಶ್ಯ ಪರಿಚಯಿಸಬೇಕಾದ ಚೇತನ ಇವರದು.